ಬಾಳವ್ವನ ಹನ್ನೊಂದು ಸೆಕೆಂಡು, ತಿರುಮಲೇಶರ ಮೂವತ್ತೊಂದು ವರ್ಷ

ಮುಂಬಯಿಯ ದೃಶ್ಯಸಂಕಲನದ ಲೋಕದಲ್ಲಿ ಕತ್ತರಿಸಿ ಜೋಡಿಸಿದವರಿಗೆ ಹೆಸರುಂಟು, ಸಂಗೀತ ಕೂಡಿಸಿದವರಿಗೆ ಹೆಸರುಂಟು, ಚಿತ್ರೀಕರಣಕ್ಕೆ ಇಡ್ಲಿ ಕಳಿಸಿದ ಹೋಟೆಲಿನವರಿಗೂ ಕೊನೆಯ ಕೃತಜ್ಞತೆಯ ಪಟ್ಟಿಯಲ್ಲಿ ಒಂದು ಸಾಲುಂಟು. ಆದರೆ ಹೊರಗಿನಿಂದ ಬಂದ ಕ್ಲಿಪ್ಪುಗಳು ಕಂಪ್ಯೂಟರಿನೊಳಕ್ಕೆ ಹೋಗಲೊಲ್ಲೆವೆಂದು ಹಟ ಹಿಡಿದಾಗ, ಎಲ್ಲ ಮುಗಿದ ಚಿತ್ರ ಹೊರಕ್ಕೆ ಬರಲೊಲ್ಲೆನೆಂದು ಮುಷ್ಕರ ಹೂಡಿದಾಗ, ಇವರೆಲ್ಲರೂ ಹೋಗಿ ಯಾರ ಕುರ್ಚಿಯ ಹಿಂದೆ ಕೈಕಟ್ಟಿ ನಿಲ್ಲುತ್ತಿದ್ದರೋ ಆ ಮನುಷ್ಯನಿಗೆ ಮಾತ್ರ ಯಾವ ಪಟ್ಟಿಯಲ್ಲೂ ಜಾಗವಿಲ್ಲ. ಚೆಂಬೂರಿನ ನಮ್ಮ ಸ್ಟುಡಿಯೊದಲ್ಲಿ ಆ ಕುರ್ಚಿಯ ಮೇಲೆ ಮೂವತ್ತೊಂದು ವರ್ಷ ಕೂತು, ಹೋದ ಜನವರಿಯಲ್ಲಿ ನಿವೃತ್ತರಾದ ಶ್ರೀ ತಿರುಮಲೇಶರ ಗೌರವಾರ್ಥ ಮಾಟುಂಗದ ಕನ್ನಡ ಬಳಗದವರು ಈ ಸಂಪುಟವನ್ನು ತರುತ್ತಿದ್ದಾರೆ.

ಅಭಿನಂದನ ಗ್ರಂಥಗಳ ಹಣೆಬರಹದಂತೆ ಇದೂ ಸಮಾರಂಭದ ದಿನಕ್ಕೆ ಸಿದ್ಧವಾಗದೆ ಎಂಟು ತಿಂಗಳು ತಡವಾಗಿ ಬರುತ್ತಿದೆ. ತಡವಾದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಮುಂಚೆಯೇ ಬರೆದಿದ್ದರೆ ಈ ಲೇಖನದ ಲೇಖಕಿ ಧಾತ್ರಿಯೂ ಉಳಿದವರಂತೆ 'ಸರಳ ಸಜ್ಜನಿಕೆಯ ಸಾಕಾರಮೂರ್ತಿ' ಎಂದು ನಾಲ್ಕು ಪುಟ ತುಂಬಿಸಿ ಕೈತೊಳೆದುಕೊಳ್ಳುತ್ತಿದ್ದಳು. ಅದೇ ಸ್ಟುಡಿಯೊದ ಧ್ವನಿ ವಿಭಾಗದಲ್ಲಿ ಹದಿನೇಳು ವರ್ಷ ಅವರ ಪಕ್ಕದ ಕೋಣೆಯಲ್ಲೇ ದುಡಿದ ಅವಳಿಗೆ ಚೆನ್ನಾಗಿ ಗೊತ್ತಿತ್ತು, ತಿರುಮಲೇಶರಿಗೆ ಶಾಲು ಬೇಕಿರಲಿಲ್ಲ, ಹಾರವೂ ಬೇಕಿರಲಿಲ್ಲ. ಅವರ ಸೇವಾ ಕಡತದಲ್ಲಿ ಹದಿನಾಲ್ಕು ವರ್ಷದಿಂದ ಕೂತಿದ್ದ ಒಂದು ಮೆಮೊ ಸುಳ್ಳು ಎಂದು ಸ್ಟುಡಿಯೊದವರು ಒಮ್ಮೆ ಬಾಯಿಬಿಟ್ಟು ಹೇಳಬೇಕಿತ್ತು. ಹೇಳುವಾಗ ಆಂಟಾಪ್ ಹಿಲ್ಲಿನ ಶಿವಕುಮಾರಿ ಎಂಬ ಹೆಂಗಸು ಅದನ್ನು ಕಿವಿಯಾರೆ ಕೇಳಿಸಿಕೊಳ್ಳಬೇಕಿತ್ತು. ಅವರು ಬೇಡಿದ್ದು ಅಷ್ಟೇ.

ಮೈಸೂರಿನಲ್ಲಿ ರೇಡಿಯೊ ಮತ್ತು ಟೀವಿ ರಿಪೇರಿಯ ಡಿಪ್ಲೊಮಾ ಮುಗಿಸಿ, ಅಕ್ಕ-ಭಾವನ ಮನೆ ಇದೆಯೆಂಬ ಧೈರ್ಯದ ಮೇಲೆ ಚೆಂಬೂರಿಗೆ ಬಂದಿಳಿದ ತಿರುಮಲೇಶರು ಮಾಟುಂಗ ಸ್ಟೇಷನ್ನಿನ ಬಳಿಯ ರಿಪೇರಿ ಅಂಗಡಿಯೊಂದರಲ್ಲಿ ನಾಲ್ಕೈದು ವರ್ಷ ಬೆಸುಗೆ ಹಾಕುತ್ತ ಕಳೆದರು. ಬೆಂಗಳೂರಿನವರಾದ ಶ್ರೀರಾಮ್ ಅವರು ತೊಂಬತ್ತನಾಲ್ಕರಲ್ಲಿ ಸ್ಟುಡಿಯೊ ತೆರೆದಾಗ ಮೊದಲು ಕರೆದದ್ದು ಇವರನ್ನೇ. ಅದು ಟೇಪುಗಳ ಕಾಲ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಟೇಪುಗಳನ್ನು ಮೆದು ಬಟ್ಟೆಯಿಂದ ಒಂದೊಂದು ಅಡಿಯಾಗಿ ಒರೆಸಿ, ಬೇರೆಯವರು 'ಸತ್ತಿದೆ, ಎಸೆಯಿರಿ' ಎಂದ ಮದುವೆಗಳನ್ನೂ ನಾಮಕರಣಗಳನ್ನೂ ಅವರು ಬದುಕಿಸಿ ಕೊಟ್ಟದ್ದುಂಟು. ಟೇಪು ಹೋಗಿ ಫೈಲು ಬಂದಾಗ ಅವರ ಓರಗೆಯವರು ಬಹಳ ಮಂದಿ ಕೈಚೆಲ್ಲಿ ಬೇರೆ ಉದ್ಯೋಗ ಹುಡುಕಿಕೊಂಡರು. ಇವರು ಮಾತ್ರ ನಲವತ್ತರ ಹೊಸ್ತಿಲಲ್ಲಿ ಮತ್ತೆ ವಿದ್ಯಾರ್ಥಿಯಾಗಿ, ಯಂತ್ರ ತಪ್ಪೆಂದು ತೋರಿಸಿದ ಪ್ರತಿಯೊಂದು ಸಂದೇಶವನ್ನೂ ಅದಕ್ಕೆ ತಾವು ಕಂಡುಕೊಂಡ ಪರಿಹಾರವನ್ನೂ ರಟ್ಟಿನ ನೋಟುಪುಸ್ತಕಗಳಲ್ಲಿ ದುಂಡಾಗಿ ಕನ್ನಡದಲ್ಲಿ ಬರೆದಿಡುತ್ತ ಹೋದರು. ಅಂಥ ಪುಸ್ತಕಗಳು ಈಗ ಇಪ್ಪತ್ತಮೂರು ಇವೆ.

ಪಾಠ ಹೇಳುವ ಅವರ ವಿಧಾನವೇ ಬೇರೆ. ಕ್ಲಿಪ್ಪಿನ ಹೆಸರಿನ ಬಾಲದಲ್ಲಿರುವ ಮೂರಕ್ಷರ ನೋಡಿ ಅದರ ಜಾತಿ ನಿರ್ಧರಿಸುತ್ತಿದ್ದ ಹೊಸಬರಿಗೆ, "ಡಬ್ಬಿ ಮೇಲೆ ಸಕ್ಕರೆ ಅಂತ ಬರೆದಿರುತ್ತೆ, ಒಳಗೆ ಉಪ್ಪಿರುತ್ತೆ. ನಾಲಿಗೆಗೆ ಹಾಕಿ ನೋಡದೆ ಕಾಫಿಗೆ ಹಾಕ್ತೀರೇನ್ರಪ್ಪ?" ಎನ್ನುತ್ತಿದ್ದರು. ಪ್ರಾಜೆಕ್ಟ್ ಫೈಲನ್ನಷ್ಟೇ ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಬಂದು 'ಪೂರ್ತಿ ಸಿನಿಮಾ ಇದರಲ್ಲಿದೆ' ಎಂದು ಬೀಗುವವರಿಗೆ, ಅದು ಮದುವೆಗೆ ಕರೆಯಬೇಕಾದ ನೆಂಟರ ಪಟ್ಟಿ, ಪಟ್ಟಿಯಲ್ಲಿ ಊರು-ಮನೆ ಇರುತ್ತದೆಯೇ ಹೊರತು ನೆಂಟರು ಇರುವುದಿಲ್ಲ ಎಂದು ನಗುತ್ತ ತಿಳಿಸುತ್ತಿದ್ದರು. ಎಕ್ಸ್‌ಪೋರ್ಟು, ಎಂದರೆ ಮುಗಿದ ಚಿತ್ರವನ್ನು ಒಂದೇ ಫೈಲಾಗಿ ಹೊರತೆಗೆಯುವ ಕೆಲಸ, ಶೇಕಡಾ ತೊಂಬತ್ತೇಳಕ್ಕೆ ಬಂದು ನಿಂತಿತೆಂದು ತಲೆಮೇಲೆ ಕೈಹೊತ್ತವರಿಗೆ, "ಮೊದಲ ತೊಂಬತ್ತಾರನ್ನ ಯಾಕೆ ಬೈತೀರಿ? ನಿಂತ ಜಾಗದಲ್ಲಿ ಕೊಳೆತದ್ದು ಒಂದಿದೆ. ಅದನ್ನ ಹುಡುಕಿ" ಎಂಬುದು ಅವರ ಖಾಯಂ ಉತ್ತರ. ಬಳಗದ ಮಹಿಳೆಯರು ಎರಡು ಗಂಟೆಯ ಭಜನೆಯ ವಿಡಿಯೊ ಪೆನ್ ಡ್ರೈವಿಗೆ ಹೋಗುತ್ತಿಲ್ಲ, ಜಾಗ ಬೇಕಾದಷ್ಟಿದೆ ಎಂದು ಫೋನು ಮಾಡಿದಾಗ, "ಜಾಗ ಇದೆಯಮ್ಮ, ಆದರೆ ಅದರ ಬಾಗಿಲು ಚಿಕ್ಕದು. ನಾಲ್ಕು ಜೀಬಿಗಿಂತ ದಪ್ಪಗಿರೋರು ಅದರೊಳಗೆ ಹೋಗೋಕಾಗಲ್ಲ" ಎಂದು ಹೇಳಿ, ಅದನ್ನು ಹೊಸದಾಗಿ ಫಾರ್ಮ್ಯಾಟ್ ಮಾಡುವುದನ್ನು ಫೋನಿನಲ್ಲೇ ಬಾಯಿಪಾಠ ಮಾಡಿಸಿದರು.

ಧಾತ್ರಿ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಒಂದು ಧಾರಾವಾಹಿಯ ಕಂತಿನಲ್ಲಿ ಧ್ವನಿಯನ್ನು ತಪ್ಪು ಅಳತೆಯಲ್ಲಿ ಒಳಗೆ ತಂದಿದ್ದಳು. ಆರಂಭದಲ್ಲಿ ಸರಿಯಾಗಿದ್ದ ಮಾತು ಹತ್ತು ನಿಮಿಷ ಕಳೆಯುವಷ್ಟರಲ್ಲಿ ತುಟಿಯಿಂದ ದೂರ ಸರಿದು, ಅತ್ತೆ ಬಾಯಿ ಮುಚ್ಚಿದ ಮೇಲೆ ಬೈಗುಳ ಕೇಳಿಸುತ್ತಿತ್ತು. ಕಂತು ಹೋಗಬೇಕಾದ ಗಂಟೆ ಮೀರಿತ್ತು, ನಿರ್ಮಾಪಕರು ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದರು. ತಿರುಮಲೇಶರು ಎದ್ದು ಹೋಗಿ "ಲೇಟಾಗಿದ್ದು ನನ್ನಿಂದ ಸಾರ್, ಇನ್ನರ್ಧ ಗಂಟೆ ಕೊಡಿ" ಎಂದರು. ಬಂದು ಕೂತು ಸರಿಪಡಿಸಿದರು. ಆಮೇಲೆ ಆ ಮಾತನ್ನು ಯಾರ ಮುಂದೂ ಎತ್ತಲಿಲ್ಲ. ಇನ್ನೊಬ್ಬರ ತಪ್ಪಿಗೆ ಹೆಗಲು ಕೊಡುವುದು ಅವರಿಗೆ ರೂಢಿಯಾಗಿಹೋಗಿತ್ತು. ನಮಗೂ ಅವರಿಂದ ಕೊಡಿಸಿಕೊಳ್ಳುವುದು ರೂಢಿಯಾಗಿತ್ತೆಂದು ಬರೆಯುವಾಗ ನಾಚಿಕೆಯಾಗುತ್ತದೆ.

ಎರಡು ಸಾವಿರದ ಹನ್ನೊಂದರ ಜೂನ್ ತಿಂಗಳ ಸಂಗತಿಗೆ ಈಗ ಬರಬೇಕು. ಬಿಜಾಪುರ, ಕಲಬುರಗಿ ಕಡೆಯಿಂದ ಬಂದು ಈ ನಗರದ ಬಿಲ್ಡಿಂಗುಗಳಿಗೆ ತಲೆಯ ಮೇಲೆ ಗಾರೆ ಹೊತ್ತ ಹೆಂಗಸರ ಮಾತುಗಳನ್ನು ಸಂಸ್ಥೆಯೊಂದು ಚಿತ್ರೀಕರಿಸಿ ನಮ್ಮಲ್ಲಿಗೆ ಸಂಕಲನಕ್ಕೆ ತಂದಿತ್ತು. ಮಾತಾಡಿದವರಲ್ಲಿ ಆಂಟಾಪ್ ಹಿಲ್ಲಿನ ಬಾಳವ್ವ ಒಬ್ಬರು. ಗಂಡ ಕಟ್ಟಡದ ಪರಾಂಚದಿಂದ, ಎಂದರೆ ಬಿದಿರಿನ ಅಟ್ಟಣೆಯಿಂದ, ಬಿದ್ದು ಸತ್ತ ದಿನದ ಕತೆಯನ್ನು ಹೆತ್ತ ಮಗಳಿಗೂ ಹೇಳಿರದ ಆಕೆ ಕ್ಯಾಮೆರಾದ ಮುಂದೆ ಐವತ್ತು ನಿಮಿಷ ಹೇಳಿದ್ದರು. ಚಿತ್ರೀಕರಣ ಮುಗಿದ ತಿಂಗಳಲ್ಲೇ ಕಾಮಾಲೆಯಾಗಿ ತೀರಿಕೊಂಡರು. ಅಮ್ಮ ಅಪ್ಪನ ಬಗ್ಗೆ ಏನು ಹೇಳಿದ್ದಾಳೆಂದು ತಿಳಿಯಬೇಕೆಂದು ಮಗಳು ಶಿವಕುಮಾರಿ ಸಂಸ್ಥೆಯವರಿಗೆ ಮೇಲಿಂದ ಮೇಲೆ ಫೋನು ಮಾಡುತ್ತಿದ್ದರು. ಚಿತ್ರ ಮುಗಿಯಲಿ, ಒಂದು ಪ್ರತಿ ಕೊಡುತ್ತೇವೆ ಎಂದು ಅವರು ಮಾತು ಕೊಟ್ಟಿದ್ದರು.

ಸಂಸ್ಥೆಯವರು ಕ್ಲಿಪ್ಪುಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಟ್ಟು, ದಿನಕ್ಕೊಂದು ಫೋಲ್ಡರಿನಂತೆ ಕಳಿಸಿದ್ದರು. ನಮ್ಮ ಹಳೆಯ ಯಂತ್ರಕ್ಕೆ ಕನ್ನಡ ಬಾರದು. ಒತ್ತಕ್ಷರ ಕಂಡರೆ ಚೌಕ ಚೌಕ ತೋರಿಸಿ, ಅಂಥ ಫೈಲೇ ಇಲ್ಲವೆಂದು ಸಾಧಿಸುತ್ತಿತ್ತು. ತಿರುಮಲೇಶರ ಕ್ರಮ ಇದಕ್ಕೆ ಸರಳವಾಗಿತ್ತು. ಕ್ಲಿಪ್ಪಿಗೆ ಹೆಸರು ಬದಲಾಯಿಸುವುದಾದರೆ ಇಂಗ್ಲಿಷ್ ಹೆಸರು ಕೊಡಕೂಡದು, ಬರೀ ಸಂಖ್ಯೆ ಕೊಡಬೇಕು. ಯಾವ ಸಂಖ್ಯೆ ಯಾರದೆಂದು ಪುಸ್ತಕದಲ್ಲಿ ಕನ್ನಡದಲ್ಲೇ ಬರೆದಿಡಬೇಕು. "ನಮ್ಮ ಹೆಸರುಗಳು ಇಂಗ್ಲಿಷಿನ ಗಾಣಕ್ಕೆ ಹೋದರೆ ಎಲ್ಲಾ ಒಂದೇ ಹಿಂಡಿಯಾಗಿ ಬರುತ್ತೆ" ಎಂದು ಅವರು ನಮಗೆಲ್ಲ ಹೇಳಿದ್ದರು. ಆ ವಾರ ಅವರು ತಂದೆಯ ಶ್ರಾದ್ಧಕ್ಕೆಂದು ನಾಲ್ಕು ದಿನದ ರಜೆಯ ಮೇಲೆ ಮೈಸೂರಿಗೆ ಹೋದರು. ಶನಿವಾರ ಶನಿವಾರ ಎಲ್ಲ ಕ್ಲಿಪ್ಪುಗಳ ಎರಡನೇ ಪ್ರತಿ ತೆಗೆಯುವುದು ಅವರದೇ ಕೆಲಸ. ಆ ಕ್ಲಿಪ್ಪುಗಳು ಬಂದದ್ದು ಅವರು ಹೊರಟ ಗುರುವಾರ.

ಶ್ರೀರಾಮ್ ಅವರ ಮಗ ವಿಕ್ರಂ ಆಗತಾನೆ ಸ್ಟುಡಿಯೊಗೆ ಬರತೊಡಗಿದ್ದ. ಮುಂಬಯಿಯಲ್ಲೇ ಹುಟ್ಟಿ ಬೆಳೆದವ, ಕನ್ನಡ ಕೇಳಿದರೆ ಅರ್ಥವಾಗುತ್ತಿತ್ತು, ಓದಲು ತಡವರಿಸುತ್ತಿದ್ದ, ಅವನ ನಾಲಿಗೆಯಲ್ಲಿ ಲಕಾರಕ್ಕೂ ಳಕಾರಕ್ಕೂ ಭೇದವಿರಲಿಲ್ಲ. ಅಂಕಲ್ ಬರುವವರೆಗೆ ಯಾರು ಕಾಯುತ್ತಾರೆಂದು ಅವನೇ ಕೂತು, ಒಂದೊಂದು ಕ್ಲಿಪ್ಪಿಗೂ ಇಂಗ್ಲಿಷಿನಲ್ಲಿ ಹೆಸರು ಕೊಟ್ಟು, ಎಲ್ಲವನ್ನೂ ಒಂದೇ ಫೋಲ್ಡರಿಗೆ ಸಾಗಿಸತೊಡಗಿದ. ಮೊದಲ ದಿನದ ಫೋಲ್ಡರಿನಲ್ಲಿ ಬಾಳವ್ವ. ಮೂರನೆಯ ದಿನದ್ದರಲ್ಲಿ ಸಯಾನ್ ಕಡೆಯ ಇನ್ನೊಬ್ಬ ಹೆಂಗಸು, ಬಾಲವ್ವ. ಇಂಗ್ಲಿಷಿಗೆ ಹೋದ ಕೂಡಲೆ ಇಬ್ಬರೂ ಒಬ್ಬರಾದರು. ಇದೇ ಹೆಸರಿನದು ಈಗಾಗಲೇ ಇದೆ, ಅದರ ಮೇಲೆ ಇದನ್ನು ಹಾಕಲೇ ಎಂದು ಯಂತ್ರ ತನ್ನ ಪೆಟ್ಟಿಗೆ ತೆರೆದು ಕೇಳಿತು. "ಅರೆ, ಸೇಮ್ ಕ್ಲಿಪ್ ದೋ ಬಾರ್ ಕಾಪಿ ಮಾಡಿದ್ದಾರೆ ಯಾರೋ" ಎಂದು ವಿಕ್ರಂ ಹೌದು ಎಂಬುದನ್ನು ಒತ್ತಿದ. ಆ ಕೋಣೆಯಲ್ಲಿ ಆಗ ನಾವು ಮೂವರಿದ್ದೆವು. ಧಾತ್ರಿ ಅವನ ಬೆನ್ನ ಹಿಂದೆಯೇ ನಿಂತು ಚಹಾ ಕುಡಿಯುತ್ತಿದ್ದಳು. ಏನೋ ಸರಿಯಿಲ್ಲವೆಂದು ಅನ್ನಿಸಿತು, ಮಾಲೀಕರ ಮಗನಿಗೆ ಹೇಳುವುದು ಹೇಗೆಂದೂ ಅನ್ನಿಸಿತು, ಚಹಾ ಮುಗಿಯಿತು.

ತಿರುಮಲೇಶರು ಬಂದು ಎಣಿಸಿದಾಗ ಒಬ್ಬಾಕೆ ಕಡಿಮೆಯಿದ್ದರು. ಸಂಸ್ಥೆಯವರು ತಮ್ಮ ಕ್ಯಾಮೆರಾದ ಕಾರ್ಡುಗಳನ್ನು ಮುಂದಿನ ಚಿತ್ರೀಕರಣಕ್ಕೆಂದು ಅದಾಗಲೇ ಅಳಿಸಿದ್ದರು. ಸಾಲದ್ದಕ್ಕೆ ವಿಕ್ರಂ ಅದೇ ಡಿಸ್ಕಿನ ಮೇಲೆ ಎರಡು ಸಲ ಕಚ್ಚಾ ಚಿತ್ರವನ್ನು ಎಕ್ಸ್‌ಪೋರ್ಟ್ ಮಾಡಿ, ಬಾಳವ್ವನ ಜಾಗದಲ್ಲೆಲ್ಲ ಬೇರೆಯದನ್ನು ಬರೆದಿದ್ದ. ಮೂರು ದಿನ ತಿರುಮಲೇಶರು ಆ ಡಿಸ್ಕನ್ನು ಬಿಟ್ಟೇಳಲಿಲ್ಲ. ಚೂರು ಚೂರು ಹೆಕ್ಕಿ, ಜೋಡಿಸಿ, ಕೊನೆಗೆ ಅವರ ಕೈಗೆ ಸಿಕ್ಕಿದ್ದು ಹನ್ನೊಂದು ಸೆಕೆಂಡು. ಅದರಲ್ಲಿ ಬಾಳವ್ವ ಸೆರಗು ಸರಿಪಡಿಸಿಕೊಂಡು ಕೇಳುತ್ತಾರೆ: "ಎಲ್ಲಿ ನೋಡ್ಲಿರಿ? ಇದರಾಗ? ಹೂಂ. ನನ್ನ ಹೆಸರ ಬಾಳವ್ವ. ನಲವತ್ತ ವರ್ಸ ಈ ತಲೀ ಮ್ಯಾಲೆ…" ಅಲ್ಲಿಗೆ ಮುಖ ಹಸಿರು ಚೌಕಗಳಾಗಿ ಒಡೆದುಹೋಗುತ್ತದೆ.

ಯಾರ ಕೈಯಿಂದ ಆಯಿತೆಂದು ಬರವಣಿಗೆಯಲ್ಲಿ ಬೇಕು ಎಂದು ಸಂಸ್ಥೆಯವರು ಪಟ್ಟು ಹಿಡಿದರು. ಶ್ರೀರಾಮ್ ಅವರು ತಿರುಮಲೇಶರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. "ತಿರುಮಲೇಶ್, ವಿಕ್ರಂ ಹೆಸರು ಹೋದ್ರೆ ಈ ಪ್ರಾಜೆಕ್ಟೂ ಹೋಯ್ತು, ಮುಂದಿನದೂ ಹೋಯ್ತು. ಒಂಬತ್ತು ಜನರ ಮನೆ ಇದರ ಮೇಲೆ ನಡೀತಿದೆ. ರಜೆ ಹೋಗೋ ಮುಂಚೆ ನೀವು ಸೆಕೆಂಡ್ ಕಾಪಿ ತೆಗೆದಿರಲಿಲ್ಲ ತಾನೆ? ಅಷ್ಟಕ್ಕೆ ಸಹಿ ಮಾಡಿ. ಆರು ತಿಂಗಳು ಬಿಟ್ಟು ನಾನೇ ಹರಿದು ಹಾಕ್ತೀನಿ" ಎಂದರು. ಟೈಪಾಗಿ ಬಂದ ಮೆಮೊದಲ್ಲಿ ಅಷ್ಟೇ ಇರಲಿಲ್ಲ. ತಿರುಮಲೇಶರ ಅಜಾಗ್ರತೆಯಿಂದ ಅವರ ಕೈಯಲ್ಲೇ ಕ್ಲಿಪ್ಪು ಅಳಿಸಿಹೋಗಿದೆ ಎಂದಿತ್ತು. ಓದಿ ನೋಡಿ ಅವರು ಸಹಿ ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂದು ನಾವು ಕ್ಯಾಂಟೀನಿನಲ್ಲಿ ಪಿಸುಗುಟ್ಟಿಕೊಂಡೆವು. ಪಿಸುಗುಟ್ಟುವುದಕ್ಕೆ ಏನು ಖರ್ಚು?

ಮಾರನೆಯ ದಿನವೇ ಅವರು ಆ ಹನ್ನೊಂದು ಸೆಕೆಂಡನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಆಂಟಾಪ್ ಹಿಲ್ಲಿಗೆ ಹೋದರು. ಹೋಗಿ ಎಂದು ಯಾರೂ ಹೇಳಿರಲಿಲ್ಲ. ಅಲ್ಲಿ ನಡೆದದ್ದನ್ನು ಅವರ ಶ್ರೀಮತಿ ಕೌಸಲ್ಯಾ ಅವರು ಎಷ್ಟೋ ವರ್ಷಗಳ ಮೇಲೆ ಧಾತ್ರಿಗೆ ಹೇಳಿದರು. ಸಂಸ್ಥೆಯವರು ಮುಂಚೆಯೇ ಫೋನಿನಲ್ಲಿ ಹೆಸರು ತಿಳಿಸಿಬಿಟ್ಟಿದ್ದರು.

"ತಿರುಮಲೇಶ ಅಂದ್ರ ನೀವ ಏನ್ರಿ?" ಎಂದು ಶಿವಕುಮಾರಿ ಬಾಗಿಲಲ್ಲೇ ಕೇಳಿದರು.

"ಹೌದಮ್ಮ."

"ನಮ್ಮವ್ವನ್ನ ಅಳಸಿದವರು?"

ತಿರುಮಲೇಶರು "ಇಷ್ಟು ಸಿಕ್ಕಿದೆ" ಎಂದು ಪೆನ್ ಡ್ರೈವ್ ಮುಂದೆ ಹಿಡಿದರು. ಟೀವಿಗೆ ಚುಚ್ಚಿ ಶಿವಕುಮಾರಿ ಮೂರು ಸಲ ನೋಡಿದರು. "ಅಪ್ಪನ ಸುದ್ದಿ ಇದರ ಮುಂದ ಇತ್ತು. ಅದ ಇಲ್ಲ. ಏನ ಹೊಟ್ಟಿಗೆ ಅನ್ನ ತಿಂತೀರಿ ನೀವು?" ಎಂದರು. ಬಂದವರಿಗೆ ನೀರು ಕೊಡದೆ ಕಳಿಸುವ ಪದ್ಧತಿ ಆ ಸೀಮೆಯಲ್ಲಿಲ್ಲ. ಅವತ್ತು ಶಿವಕುಮಾರಿ ನೀರು ಬೇಕೇ ಎಂದೂ ಕೇಳಲಿಲ್ಲ.

"ನಾನಲ್ಲ ಅಂತ ಒಂದು ಮಾತು ಹೇಳಬಾರದಾಗಿತ್ತಾ ಅಂತ ಅವತ್ತೇ ಕೇಳಿದೆ ಕಣಮ್ಮ" ಎಂದರು ಕೌಸಲ್ಯಾ. "ಸಹಿ ಹಾಕಿ ಬಂದು ನಾನಲ್ಲ ಅಂದರೆ ಎರಡು ನಾಲಿಗೆಯವನಾಗ್ತೀನಿ, ಆರು ತಿಂಗಳು ತಡಿ ಅಂದರು."

ಆರು ತಿಂಗಳಾಯಿತು. "ಆಗಲಿ, ನೋಡೋಣ" ಎಂದರು ಶ್ರೀರಾಮ್. ವರ್ಷವಾಯಿತು. "ಕಡತ ಆಡಿಟಿಗೆ ಹೋಗಿದೆ" ಎಂದರು. ನಾಲ್ಕನೆಯ ವರ್ಷ ಹೃದಯಾಘಾತವಾಗಿ ಅವರೇ ಹೋದರು. ಕೊಟ್ಟ ಮಾತು ಅವರೊಂದಿಗೇ ಹೋಯಿತು, ಮೆಮೊ ಉಳಿಯಿತು. ತಾಂತ್ರಿಕ ವಿಭಾಗದ ಮುಖ್ಯಸ್ಥರ ಹುದ್ದೆ ತೆರವಾದಾಗ ಕಡತದಲ್ಲಿ ಇಂಥ ಮೆಮೊ ಇದೆಯೆಂದು ಹುದ್ದೆಯನ್ನು ಇವರಿಂದಲೇ ಕಲಿತವನೊಬ್ಬನಿಗೆ ಕೊಟ್ಟರು. ವಿಕ್ರಂ ಮಾಲೀಕನಾದ ಮೇಲೆ ತಿರುಮಲೇಶರು ಎರಡು ಬಾರಿ ಅವನ ಕೋಣೆಗೆ ಹೋದರು. "ಅಂಕಲ್, ಪೇಪರ್ ಸೇ ಕ್ಯಾ ಹೋತಾ ಹೈ? ಯಾರಾದ್ರೂ ನಿಮ್ಮನ್ನ ಬ್ಲೇಮ್ ಮಾಡ್ತಿದ್ದಾರಾ ಇಲ್ಲಿ?" ಎಂದು ಅವನು ಹೆಗಲ ಮೇಲೆ ಕೈಹಾಕಿ ಹೊರಗೆ ಕಳಿಸಿದ. ಅವನು ನಾಟಕವಾಡುತ್ತಿದ್ದನೆಂದು ನಾವು ತಿಳಿದಿದ್ದೆವು. ಹಾಗಲ್ಲ. ತನ್ನ ಬೆರಳು ಒತ್ತಿದ್ದನ್ನು ಅವನು ನಿಜವಾಗಿಯೂ ಮರೆತಿದ್ದ. ಕಾಗದದಲ್ಲಿದ್ದದ್ದೇ ಅವನ ನೆನಪೂ ಆಗಿತ್ತು.

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬಂತೆ ಸ್ಟುಡಿಯೊದಲ್ಲಿ ಹೊಸ ನಿಯಮ ಬಂತು: ಕ್ಲಿಪ್ಪು ಒಳಗೆ ಬಂದ ಗಂಟೆಯೊಳಗೆ ಎರಡನೇ ಪ್ರತಿ, ಹೆಸರಿನ ಬದಲು ಸಂಖ್ಯೆ. ತಿರುಮಲೇಶರು ಫೈಲುಗಳ ಕಾಲ ಶುರುವಾದಾಗಿನಿಂದ ಹೇಳುತ್ತಿದ್ದುದೇ ಅದು. ಹೊಸದಾಗಿ ಸೇರಿದವರಿಗೆ ಆ ನಿಯಮ ಯಾಕೆಂದು ವಿವರಿಸುವ ತರಬೇತಿಯ ಹಾಳೆಗೆ ಯಾರೋ ಪುಣ್ಯಾತ್ಮರು 'ತಿರುಮಲೇಶ್ ಕೇಸ್' ಎಂದು ತಲೆಬರಹ ಕೊಟ್ಟರು. ತರಬೇತಿ ಕೊಡುವವರು ತಿರುಮಲೇಶರೇ. ವರ್ಷಕ್ಕೆರಡು ಬಾರಿ, ಹೊಸ ಹುಡುಗ ಹುಡುಗಿಯರ ಮುಂದೆ ನಿಂತು, ಅವರು ಆ ಹಾಳೆಯನ್ನು ತೆರೆದು "ಇದಕ್ಕೆ ತಿರುಮಲೇಶ್ ಕೇಸ್ ಅಂತಾರೆ" ಎಂದು ಓದಿ ಮುಂದಕ್ಕೆ ಹೋಗುತ್ತಿದ್ದರು. ಧ್ವನಿಯಲ್ಲಿ ಒಂದು ಎಳೆಯಷ್ಟೂ ವ್ಯತ್ಯಾಸವಿರುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವರಿಗೆ ಅದು ಕೇಳದಂತೆ ಇರುವುದು ಸುಲಭವಾಗಿತ್ತು.

ನಿವೃತ್ತಿಯ ದಿನ ಹತ್ತಿರ ಬಂದಾಗ ಅವರು ಮೂರನೆಯ ಬಾರಿ ವಿಕ್ರಂನ ಬಳಿ ಹೋದರು. ಈ ಸಲ ಅವನು ಕೈಹಿಡಿದು, "ಅಂಕಲ್, ಆ ಮ್ಯಾಟರ್ ನಾನು ಸ್ಟೇಜ್ ಮೇಲೆನೇ ಕ್ಲಿಯರ್ ಮಾಡ್ತೀನಿ. ಪ್ರಾಮಿಸ್" ಎಂದ. ಆ ಸಂಜೆ ಮನೆಗೆ ಹೊರಟಾಗ ತಿರುಮಲೇಶರ ಮುಖ ನೋಡುವಂತಿತ್ತು. ಸಮಾರಂಭದ ಮುನ್ನೂರು ಆಮಂತ್ರಣಗಳು ಅಚ್ಚಾಗಿ ಬಂದಿದ್ದವು. ಒಂದರ ಹಿಂಬದಿಯಲ್ಲಿ ಮಾತ್ರ ಅವರು ತಮ್ಮ ದುಂಡಕ್ಷರದಲ್ಲಿ 'ತಾವು ಖಂಡಿತ ಬರಬೇಕು. ತಮ್ಮ ತಾಯಿಯವರ ವಿಷಯದಲ್ಲಿ ಒಂದು ಮಾತು ಹೇಳುವವರಿದ್ದಾರೆ' ಎಂದು ಬರೆದು ಆಂಟಾಪ್ ಹಿಲ್ಲಿಗೆ ಅಂಚೆಗೆ ಹಾಕಿದರು.

ಶಿವಕುಮಾರಿ ಬಂದರು. ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಮಾಟುಂಗದ ಸಭಾಂಗಣದಲ್ಲಿ, ಮೂರನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಪ್ರಾರ್ಥನೆಯಾಯಿತು, ಸ್ವಾಗತವಾಯಿತು, ಮೈಸೂರು ಪೇಟ, ಶಾಲು, ಹಾರ, ಫಲತಾಂಬೂಲ ಎಲ್ಲವೂ ಆಯಿತು. ಇನ್ನು ತಿರುಮಲೇಶರ ಸೇವೆಯ ಮೇಲೆ ಸ್ಟುಡಿಯೊ ಸಿದ್ಧಪಡಿಸಿದ ಒಂಬತ್ತು ನಿಮಿಷದ ಚಿತ್ರವೆಂದು ಘೋಷಿಸಿ ದೀಪ ಆರಿಸಿದರು. ಪರದೆ ಪೂರ್ತಿ ಕೆಂಪಾಯಿತು. ಕೆಂಪಿನ ನಡುವೆ 'ಮೀಡಿಯಾ ಆಫ್‌ಲೈನ್' ಎಂಬ ಅಕ್ಷರಗಳು. ಕ್ಲಿಪ್ಪುಗಳು ಎಲ್ಲಿವೆಯೋ ಯಂತ್ರಕ್ಕೆ ಗೊತ್ತಿಲ್ಲವೆಂದು ಅದರರ್ಥ. ಸಭೆಯಲ್ಲಿ ಗುಜುಗುಜು ಎದ್ದಿತು. ವಿಕ್ರಂ ಮೈಕಿನಲ್ಲೇ ನಗುತ್ತ, "ತಿರುಮಲೇಶ್ ಅಂಕಲ್, ಜರಾ ದೇಖೋಗೆ ಕ್ಯಾ?" ಎಂದ. ಜನ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿದರು. ಸನ್ಮಾನದ ಕುರ್ಚಿಯಿಂದ ಎದ್ದು, ತಲೆಯ ಮೇಲಿನ ಪೇಟ ಬೀಳದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಅಭಿನಂದಿತರು ತಮ್ಮ ಅಭಿನಂದನೆಯನ್ನು ರಿಪೇರಿ ಮಾಡಲು ಮೆಟ್ಟಿಲಿಳಿದು ಹೋದರು. ಆ ನಗುವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಹೊಸ ಸಂಕಲನಕಾರ್ತಿ ಅಪೇಕ್ಷಾಳ ಕಣ್ಣಲ್ಲಿ ನೀರು ತುಂಬಿತ್ತು. "ಸರ್, ಎಕ್ಸ್‌ಪೋರ್ಟ್ ಬಾರ್ ಬಾರ್ ಫೇಲ್ ಆಗ್ತಾ ಇತ್ತು. ಸೋ ಡೈರೆಕ್ಟ್ ಪ್ರಾಜೆಕ್ಟ್‌ನಿಂದ ಪ್ಲೇ ಮಾಡೋಣ ಅಂತ… ಲ್ಯಾಪ್‌ಟಾಪ್ ಭಿ ಚೇಂಜ್ ಆಯ್ತು."

"ಎಷ್ಟಕ್ಕೆ ಬಂದು ನಿಲ್ತಿತ್ತಮ್ಮ?"

"ಸಿಕ್ಸ್ಟಿ ಟೂ. ಹರ್ ಬಾರ್."

ಲ್ಯಾಪ್‌ಟಾಪು ಬದಲಾದ್ದರಿಂದ ಡಿಸ್ಕಿನ ಗುರುತು ಬದಲಾಗಿತ್ತು. ಕ್ಲಿಪ್ಪುಗಳು ಇರುವ ಜಾಗವನ್ನು ಯಂತ್ರಕ್ಕೆ ಮತ್ತೆ ತೋರಿಸಿಕೊಟ್ಟ ಎರಡು ನಿಮಿಷದಲ್ಲಿ ಕೆಂಪು ಹೋಯಿತು. ಅರವತ್ತೆರಡರಲ್ಲಿ ನಿಲ್ಲಿಸುತ್ತಿದ್ದದ್ದು ವಿಕ್ರಂ ತನ್ನ ಫೋನಿನಲ್ಲೇ ಚಿತ್ರಿಸಿ ಕಳಿಸಿದ್ದ ಶುಭಾಶಯದ ಕ್ಲಿಪ್ಪು. ಫೋನಿನ ಕ್ಲಿಪ್ಪುಗಳ ವೇಗ ಒಂದೇ ಸಮ ಇರುವುದಿಲ್ಲ, ಒಮ್ಮೆ ಓಡುತ್ತವೆ, ಒಮ್ಮೆ ಕುಂಟುತ್ತವೆ. ತಿರುಮಲೇಶರು ಅದನ್ನು ಒಂದೇ ವೇಗಕ್ಕೆ ತಂದು, ತುಟಿಗೂ ಮಾತಿಗೂ ಹೊಂದುತ್ತಿದೆಯೇ ಎಂದು ನೋಡಲು ಹೆಡ್‌ಫೋನ್ ಹಾಕಿಕೊಂಡರು. ಅಪೇಕ್ಷಾ ಇನ್ನೊಂದನ್ನು ಹಾಕಿಕೊಂಡಳು. ವಿಕ್ರಂ ಹೇಳುತ್ತಿದ್ದ: "ಒನ್ಸ್ ಒಂದು ಬಹಳ ಇಂಪಾರ್ಟೆಂಟ್ ಕ್ಲಿಪ್ ಅಂಕಲ್ ಕೈಯಿಂದ ಡಿಲೀಟ್ ಆಗೋಯ್ತು. ಪಪ್ಪಾ ಅವರನ್ನ ಮಾಫ್ ಮಾಡಿದ್ರು. ಇವತ್ತು ನಾನೂ ಸ್ಟೇಜ್ ಮೇಲೆ ಹೇಳ್ತೀನಿ, ಅಂಕಲ್, ವಿ ಫರ್ಗಿವ್ ಯೂ." ಅವನ ಲೆಕ್ಕದಲ್ಲಿ ಕ್ಲಿಯರ್ ಮಾಡುವುದೆಂದರೆ ಇದು.

ತರಬೇತಿಯ ಹಾಳೆಯ ಹಿಂದಿನ ಕತೆ ಅಪೇಕ್ಷಾಳ ಕಿವಿಗೂ ಬಿದ್ದಿತ್ತು. ಅವಳು ಹೆಡ್‌ಫೋನ್ ತೆಗೆದು ಮೆಲ್ಲಗೆ, "ಸರ್, ಈ ಪೋರ್ಷನ್ ತೆಗೀಲಾ? ಹನ್ನೆರಡು ಸೆಕೆಂಡ್. ಯಾರಿಗೂ ಪತಾ ನಹೀ ಚಲೇಗಾ" ಎಂದಳು.

ಕೀಲಿಯ ಮೇಲೆ ಕೈಯಿಟ್ಟುಕೊಂಡೇ ತಿರುಮಲೇಶರು ತಿರುಗಿ ಮೂರನೆಯ ಸಾಲಿನ ಕಡೆ ನೋಡಿದರು. ಶಿವಕುಮಾರಿ ಇವರನ್ನೇ ನೋಡುತ್ತಿದ್ದರು. ಆ ಮಾತನ್ನು ಆಕೆ ಕೇಳಬಾರದೆಂದಿದ್ದರೆ ಒಂದು ಬೆರಳು ಅಲುಗಿಸಿದ್ದರೆ ಸಾಕಿತ್ತು. ಮೂವತ್ತೊಂದು ವರ್ಷದಲ್ಲಿ ಆ ಕೈ ಮಾಡಿದ ಕೆಲಸಗಳಲ್ಲೆಲ್ಲ ಇದಕ್ಕಿಂತ ಸುಲಭದ್ದು ಇರಲಿಲ್ಲ.

"ಬೇಡಮ್ಮ" ಎಂದರು. "ಹದಿನಾಲ್ಕು ವರ್ಷ ಕ್ಲಿಪ್ ಅಳಿಸಿದವನು ಅನ್ನಿಸಿಕೊಂಡಿದ್ದೀನಿ. ಈಗ ನಿಜವಾಗಿ ಅಳಿಸೋದು ಬೇಡ."

ಎಕ್ಸ್‌ಪೋರ್ಟು ಮುಗಿಯುವ ತನಕ ಬಳಗದ ಮಹಿಳೆಯರು ಒಂದು ದೇವರನಾಮ ಹಾಡಿದರು. ಅದು ಅರವತ್ತೆರಡನ್ನು ದಾಟಿತು, ತೊಂಬತ್ತನ್ನು ದಾಟಿತು, ನೂರಾಯಿತು. ತಿರುಮಲೇಶರು ಹೋಗಿ ತಮ್ಮ ಕುರ್ಚಿಯಲ್ಲಿ ಕೂತ ಮೇಲೆ ಚಿತ್ರ ಓಡಿತು. ಚಿತ್ರ ಸ್ವಚ್ಛವಾಗಿತ್ತು, ಧ್ವನಿ ಸ್ಪಷ್ಟವಾಗಿತ್ತು. ವಿಕ್ರಂನ ತುಟಿ ಮತ್ತು ಮಾತು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕೂಡಿಕೊಂಡಿದ್ದವು. ಅಂಕಲ್ ಕೈಯಿಂದ ಡಿಲೀಟ್ ಆಗೋಯ್ತು ಎಂಬುದು ಸಭಾಂಗಣದ ಕೊನೆಯ ಸಾಲಿಗೂ ಚೆನ್ನಾಗಿ ಕೇಳಿಸಿತು. ಮಾಫ್ ಮಾಡಿದ್ರು ಎಂಬಲ್ಲಿ ಜನ ಚಪ್ಪಾಳೆ ತಟ್ಟಿದರು. ಶಿವಕುಮಾರಿ ಎದ್ದು, ಸೆರಗು ಹೊದ್ದುಕೊಂಡು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದರು. ವೇದಿಕೆಯ ಮೇಲಿಂದ ತಿರುಮಲೇಶರು ಅದನ್ನು ನೋಡಿದರು. ಆಮೇಲೆ ಮಾತಾಡಲು ಎದ್ದಾಗ "ಎಲ್ಲರಿಗೂ ನಮಸ್ಕಾರ, ಊಟ ಮಾಡಿಕೊಂಡು ಹೋಗಿ" ಎಂದಷ್ಟೇ ಹೇಳಿ ಕೂತರು. ಅದನ್ನು ಅವರ ವಿನಯವೆಂದು ಮರುದಿನದ ವರದಿಯಲ್ಲಿ ಬರೆದಿದ್ದರು.

ಧಾತ್ರಿ ಕಳೆದ ತಿಂಗಳು ಆಂಟಾಪ್ ಹಿಲ್ಲಿಗೆ ಹೋಗಿ, ಶಿವಕುಮಾರಿಯವರ ಮುಂದೆ ಕೂತು, ಬಾಲವ್ವ-ಬಾಳವ್ವರ ಕತೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಅಡ್ಡಮಾತಾಡದೆ ಕೇಳಿದರು.

"ಹೌದು ಅಂತ ಒತ್ತಿದ್ದು ಆ ಮಾಲಕರ ಮಗಾ. ನೀವು ಕಣ್ಣಾರೆ ನೋಡೀರಿ?"

"ನೋಡಿದ್ದೇನೆ."

"ಹದಿನಾಲ್ಕ ವರ್ಸ ಆ ಮನಶ್ಯಾಗ ನಾ ಶಾಪಾ ಹಾಕೀನ್ರಿ. ದೀಪಾ ಹಚ್ಚೂ ಹೊತ್ತಿನ್ಯಾಗ ಹಾಕೀನಿ. ಆವಾಗ ನೀವೆಲ್ಲಾ ಎಲ್ಲಿದ್ರಿ?"

ಆಮೇಲೆ ಶಿವಕುಮಾರಿ ತಿರುಮಲೇಶರ ಮನೆ ಎಲ್ಲಿದೆಯೆಂದು ಕೇಳಿ, ಬಿಲ್ಡಿಂಗಿನ ಹೆಸರನ್ನು ಕ್ಯಾಲೆಂಡರಿನ ಹಾಳೆಯ ಮೇಲೆ ಬರೆದುಕೊಂಡರು. ಹೋದರೋ ಇಲ್ಲವೋ ತಿಳಿಯದು. ವಿಚಾರಿಸುವ ಮುಖ ನಮಗಿಲ್ಲ. ಈ ಲೇಖನದ ಒಂದಕ್ಷರವನ್ನೂ ಕತ್ತರಿಸದೆ ಅಚ್ಚು ಹಾಕುವುದಾಗಿ ಬಳಗದ ಸಂಪಾದಕರು ಹೇಳಿದ್ದಾರೆ. ಲೇಖಕಿಗೆ ಇಷ್ಟು ಧೈರ್ಯ ಬಂದದ್ದು ಕಳೆದ ತಿಂಗಳು ತಾನೂ ಆ ಸ್ಟುಡಿಯೊದ ಕೆಲಸ ಬಿಟ್ಟ ಮೇಲೆ ಎಂಬುದನ್ನು ಇಲ್ಲಿ ಬರೆಯದಿದ್ದರೆ ಈ ಲೇಖನವೂ ಇನ್ನೊಂದು ಮೆಮೊ ಆಗುತ್ತದೆ.

ತಿರುಮಲೇಶರಿಗೆ ಈಗ ಅರವತ್ತು. ಚೆಂಬೂರಿನ ಅವರ ಮನೆಯ ಫೋನು ಇನ್ನೂ ಬಡಿದುಕೊಳ್ಳುತ್ತಲೇ ಇರುತ್ತದೆ, ಶಾಲೆಯ ಮಕ್ಕಳಿಂದ, ಭಜನಾ ಮಂಡಳಿಗಳಿಂದ, ನಾಚಿಕೆಯಿಲ್ಲದ ನಮ್ಮ ಸ್ಟುಡಿಯೊದಿಂದಲೂ. ಇಪ್ಪತ್ತಮೂರು ನೋಟುಪುಸ್ತಕಗಳನ್ನು ಅವರು ಒಂದು ಪುಸ್ತಕವಾಗಿ ಬರೆದು ಮುಗಿಸುವಂತಾಗಲಿ. ಅದರ ರಕ್ಷಾಪುಟದ ಮೇಲೆ ಅವರ ಹೆಸರು ದಪ್ಪಕ್ಷರದಲ್ಲಿ ಬರಲಿ. ಕೌಸಲ್ಯಾ ಅವರೊಂದಿಗೆ ಅವರು ಆರೋಗ್ಯವಾಗಿ ನೂರು ವರ್ಷ ಬಾಳಲಿ. ಹದಿನಾಲ್ಕು ವರ್ಷ ದೀಪ ಹಚ್ಚುವ ಹೊತ್ತಿನಲ್ಲಿ ಅವರಿಗೆ ಬಿದ್ದ ಶಾಪದಲ್ಲಿ ಇನ್ನೂ ಸತ್ವ ಉಳಿದಿದ್ದರೆ, ಅದು ಒತ್ತಿದವನನ್ನೂ, ಅವನ ಬೆನ್ನ ಹಿಂದೆ ಚಹಾ ಕುಡಿಯುತ್ತ ನಿಂತಿದ್ದ ನಮ್ಮನ್ನೂ ಹುಡುಕಿಕೊಂಡು ಬರಲಿ.